ಚಿನ್ನ, ಸೀಸದ ಎಕ್ಸ್-ರೇ ಎಣಿಸುವುದು ಹೇಗೆ: ಕರಾವಳಿಯ ಲ್ಯಾಬಿನಿಂದ ಒಂದು ಮಾರ್ಗದರ್ಶಿ

ಉಡುಪಿಯ ರಥಬೀದಿ ಆಸುಪಾಸಿನ ಚಿನ್ನದಂಗಡಿಗೆ ಹಳೆ ಬಳೆ ತೆಗೆದುಕೊಂಡು ಹೋದರೆ ಅದನ್ನು ಒಂದು ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಳ ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ಪರದೆ ಮೇಲೆ 91.6 ಅಂತ ಬರುತ್ತದೆ. ನಮ್ಮ ದೊಡ್ಡಮ್ಮನ ಜೊತೆ ಹೋಗಿದ್ದಾಗ ಅವರು ಮೆಲ್ಲಗೆ ಕೇಳಿದರು: "ಉಜ್ಜಲಿಲ್ಲ, ಕರಗಿಸಲಿಲ್ಲ, ಅದಕ್ಕೆ ಹೇಗೆ ಗೊತ್ತಾಯಿತು ಮಾರಾಯ?"

ಪೆಟ್ಟಿಗೆಯೊಳಗಿನ ಎಕ್ಸ್-ರೇ ಚಿನ್ನದ ಪರಮಾಣುವಿನ ಒಳಕವಚದಿಂದ ಒಂದು ಎಲೆಕ್ಟ್ರಾನನ್ನು ಹೊರಗೆ ಹಾಕುತ್ತದೆ. ಅಲ್ಲಿ ಒಂದು ಗುಂಡಿ ಬೀಳುತ್ತದೆ. ಮೇಲಿನ ಕವಚದ ಎಲೆಕ್ಟ್ರಾನ್ ಇಳಿದು ಬಂದು ಆ ಗುಂಡಿ ತುಂಬುತ್ತದೆ. ಹಾಗೆ ಇಳಿಯುವಾಗ ಉಳಿದ ಶಕ್ತಿ ಕೆಲವೊಮ್ಮೆ ಚಿನ್ನಕ್ಕೇ ವಿಶಿಷ್ಟವಾದ ಎಕ್ಸ್-ರೇ ಆಗಿ ಹೊರಬರುತ್ತದೆ. ಇನ್ನು ಕೆಲವೊಮ್ಮೆ ಎಕ್ಸ್-ರೇ ಬರುವುದೇ ಇಲ್ಲ, ಆ ಶಕ್ತಿಯಲ್ಲಿ ಇನ್ನೊಂದು ಎಲೆಕ್ಟ್ರಾನ್ ಹಾರಿ ಹೋಗುತ್ತದೆ. ಇದಕ್ಕೆ ಓಜೆ ಪರಿಣಾಮ ಅನ್ನುತ್ತಾರೆ. ಲೀಸ್ ಮೈಟ್ನರ್ 1922ರಲ್ಲಿ, ಪಿಯರ್ ಓಜೆ 1923ರಲ್ಲಿ ಇದನ್ನು ಬೇರೆ ಬೇರೆಯಾಗಿ ಕಂಡರು. ಹೆಸರು ಮಾತ್ರ ಒಬ್ಬರದ್ದೇ ಉಳಿಯಿತು.

ನೂರು ಗುಂಡಿ ಬಿದ್ದರೆ ಅದರಲ್ಲಿ ಎಷ್ಟಕ್ಕೆ ಎಕ್ಸ್-ರೇ ಬರುತ್ತದೆ? ಆ ಪಾಲನ್ನೇ ಫ್ಲೋರೆಸೆನ್ಸ್ ಯೀಲ್ಡ್ ಅನ್ನುವುದು. ಬರೆಯುವಾಗ ಒಮೆಗಾ ಅಕ್ಷರ ಬಳಸುತ್ತಾರೆ. ಈ ಸಂಖ್ಯೆ ಗೊತ್ತಿಲ್ಲದೆ ಎಕ್ಸ್-ರೇ ಎಣಿಕೆಯಿಂದ ಲೆಕ್ಕ ಕಟ್ಟಿ ಚಿನ್ನದ ಪ್ರಮಾಣ ಹೇಳಲು ಆಗುವುದಿಲ್ಲ. ಅದನ್ನು ಅಳೆಯುವ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವವರಿಗೆ, ಪಿಎಚ್.ಡಿ.ಯ ಮೊದಲ ವರ್ಷದಲ್ಲಿ ಇರುವವರಿಗೆ ಇದು ಉಪಯೋಗಕ್ಕೆ ಬಂದೀತು.

ಮೊದಲೇ ಒಂದು ಮಾತು. ಎಲ್ಲರೂ ಎಕ್ಸ್-ರೇ ಎಣಿಸುವುದೇ ಕಷ್ಟ ಅಂದುಕೊಳ್ಳುತ್ತಾರೆ. ಅದು ಸುಲಭ. ಡಿಟೆಕ್ಟರ್ ಎಣಿಸಿ ಕೊಡುತ್ತದೆ. ಗುಂಡಿಗಳನ್ನು ಎಣಿಸುವುದು ಕಷ್ಟ. ಅವು ಯಾವ ಡಿಟೆಕ್ಟರಿಗೂ ಕಾಣುವುದಿಲ್ಲ. ಭಾಗಾಕಾರದಲ್ಲಿ ಮೇಲಿರುವುದು ಕಾಣುತ್ತದೆ, ಕೆಳಗಿರುವುದು ಕಾಣುವುದಿಲ್ಲ. ತಪ್ಪುಗಳೆಲ್ಲ ಆ ಕೆಳಗಿನ ಮನೆಯಲ್ಲೇ ಅಡಗಿ ಕೂತಿರುತ್ತವೆ.

ಯಾವ ಧಾತು, ಯಾವ ಸೋರ್ಸ್

ಮೊದಲು ಇವೆರಡನ್ನೂ ಜೋಡಿ ಮಾಡಿಕೊಳ್ಳಿ. ಸೋರ್ಸ್ ಅಂದರೆ ಗಾಮಾ ಕಿರಣ ಬಿಡುವ ವಿಕಿರಣಶೀಲ ವಸ್ತು. ಸೀಸದ ಕೆ ಕವಚದಲ್ಲಿ, ಅಂದರೆ ಎಲ್ಲಕ್ಕಿಂತ ಒಳಗಿನ ಕವಚದಲ್ಲಿ, ಗುಂಡಿ ತೋಡಲು ಕನಿಷ್ಠ 88.005 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬೇಕು. ಇನ್ನು ಮುಂದೆ ಇದನ್ನು ಕೆಇವಿ ಅಂತಲೇ ಬರೆಯುತ್ತೇನೆ. ಚಿನ್ನಕ್ಕೆ 80.7, ಟಂಗ್‌ಸ್ಟನ್‌ಗೆ 69.5 ಕೆಇವಿ ಬೇಕು. ಹಲವು ಕಾಲೇಜುಗಳಲ್ಲಿ ಇರುವ ಅಮೆರಿಸಿಯಂ-241 ಸೋರ್ಸ್ ಕೊಡುವುದು 59.54 ಕೆಇವಿ ಗಾಮಾ. ಹಾಗಾಗಿ ಅದು ಈ ಮೂರರ ಕೆ ಕವಚವನ್ನೂ ಮುಟ್ಟುವುದಿಲ್ಲ. ಥೂಲಿಯಂ ತನಕ ಅಂಚಿನಲ್ಲಿ ಹೋಗಿ ನಿಲ್ಲುತ್ತದೆ, ಅಷ್ಟೇ. ಆದರೆ ಕೆ ಆದ ಮೇಲೆ ಬರುವ ಎಲ್ ಕವಚಕ್ಕೆ ಧಾರಾಳ ಸಾಕು. ಸೀಸದ ಎಲ್ ಕವಚಕ್ಕೆ ಬೇಕಾಗುವುದು 13ರಿಂದ 16 ಕೆಇವಿ ಮಾತ್ರ.

ಸೀಸ, ಚಿನ್ನದ ಕೆ ಕವಚಕ್ಕೆ ಕೋಬಾಲ್ಟ್-57 ಒಳ್ಳೆಯದು. ಅದರ ಮುಖ್ಯ ಗಾಮಾ 122 ಕೆಇವಿ. ಜೊತೆಗೆ 136 ಕೆಇವಿಯದೂ ಒಂದಿದೆ. ನೂರು ವಿಘಟನೆಗೆ ಮೊದಲನೆಯದು ಸುಮಾರು 86 ಬಂದರೆ ಎರಡನೆಯದು ಸುಮಾರು 11 ಬರುತ್ತದೆ. ಎರಡೂ ಗುಂಡಿ ತೋಡುತ್ತವೆ. 122ನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಕೆಳಗಿನ ಮನೆಯಲ್ಲಿ ಮೊದಲ ತಪ್ಪು ಅಲ್ಲೇ ಕೂರುತ್ತದೆ.

ಕೋಬಾಲ್ಟ್-57ರ ಅರ್ಧಾಯುಷ್ಯ 272 ದಿನ ಅನ್ನುವುದನ್ನೂ ಮರೆಯಬೇಡಿ. ಕಪಾಟಿನಲ್ಲಿ ಐದು ವರ್ಷ ಕೂತ ಸೋರ್ಸಿನಲ್ಲಿ ನೂರರಲ್ಲಿ ಒಂದು ಪಾಲೂ ಸರಿಯಾಗಿ ಉಳಿದಿರುವುದಿಲ್ಲ. ಸೋರ್ಸ್ ತರಿಸಲು, ಇಟ್ಟುಕೊಳ್ಳಲು ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಿವೆ. ನಿಮ್ಮ ವಿಭಾಗದ ವಿಕಿರಣ ಸುರಕ್ಷತಾ ಅಧಿಕಾರಿಯನ್ನು ಕೇಳಿಯೇ ಮುಟ್ಟಿ. ಬ್ಯಾಡ್ಜ್ ಹಾಕಿಕೊಳ್ಳಿ, ಇಕ್ಕಳದಲ್ಲೇ ಹಿಡಿಯಿರಿ. ಹೊಗೆ ಪತ್ತೆ ಮಾಡುವ ಹಳೆಯ ಸಾಧನ ಒಡೆದು ಅಮೆರಿಸಿಯಂ ತೆಗೆಯುವ ಸಾಹಸವಂತೂ ಬೇಡವೇ ಬೇಡ.

"ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಮೈಕ್ರೋಟ್ರಾನ್ ಇದೆಯಲ್ಲ, ಅದನ್ನೇ ಬಳಸಬಾರದಾ?" ಅಂತ ಕೆಲವರು ಕೇಳುತ್ತಾರೆ. ಅದು ಎಲೆಕ್ಟ್ರಾನುಗಳಿಗೆ ವೇಗ ಕೊಡುವ 8 ದಶಲಕ್ಷ ಎಲೆಕ್ಟ್ರಾನ್ ವೋಲ್ಟಿನ ಯಂತ್ರ, ಕಿರಣ ಬರುವುದು ಬಿಟ್ಟು ಬಿಟ್ಟು. ಒಂದೊಂದೇ ಫೋಟಾನ್ (ಎಕ್ಸ್-ರೇ, ಗಾಮಾದ ಕಣ) ಎಣಿಸುವ ನಮ್ಮ ಕೆಲಸಕ್ಕೆ ಹೊಂದುವುದಿಲ್ಲ. ಇಲ್ಲಿ ಮಂದವಾದ, ಸ್ಥಿರವಾದ ಸೋರ್ಸೇ ಮೇಲು.

ಫಾಯಿಲ್ ತೂಗುವುದು

ತೆಳು ಹಾಳೆಯ ದಪ್ಪವನ್ನು ಸ್ಕ್ರೂ ಗೇಜಿನಲ್ಲಿ ಅಳೆಯಬೇಡಿ. ಸೀಸ ಮೆತ್ತಗಿರುವುದರಿಂದ ಹಿಡಿತಕ್ಕೇ ತಗ್ಗಿ ಹೋಗುತ್ತದೆ. ಹಾಳೆಯ ತೂಕ ನೋಡಿ, ವಿಸ್ತೀರ್ಣದಿಂದ ಭಾಗಿಸಿ. ಒಂದು ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ ಅಂತ ಬರುತ್ತದೆ. ನಮಗೆ ಬೇಕಾಗಿರುವುದು ಅದೇ. 50 ಮೈಕ್ರಾನ್ ಸೀಸದ ಹಾಳೆಯಾದರೆ ಸುಮಾರು 0.057 ಗ್ರಾಂ ಸಿಗಬೇಕು. ಹಾಳೆ ಎಲ್ಲ ಕಡೆ ಒಂದೇ ಸಮ ಇದೆಯಾ ಅಂತ ನಾಲ್ಕೈದು ಸಣ್ಣ ತುಂಡು ಕತ್ತರಿಸಿ ಬೇರೆ ಬೇರೆ ತೂಗಿ ನೋಡಿ.

ನಮ್ಮ ಊರಿನದೇ ತಾಪತ್ರಯ ಒಂದಿದೆ. ಹಾಳೆಯ ಬದಲು ಆಕ್ಸೈಡ್ ಪುಡಿ ಬಳಸುವವರು ಆಟಿ ತಿಂಗಳ ಮಳೆಯಲ್ಲಿ ತೂಕ ಮಾಡಲೇಬೇಡಿ. ಲ್ಯಾಂಥನಮ್ ಆಕ್ಸೈಡ್ ಗಾಳಿಯಿಂದ ನೀರನ್ನೂ ಇಂಗಾಲದ ಡೈ ಆಕ್ಸೈಡನ್ನೂ ಎಳೆದುಕೊಳ್ಳುತ್ತದೆ. ನಾನು ಜುಲೈಯಲ್ಲಿ ತಕ್ಕಡಿ ಮೇಲೆ ಇಟ್ಟಾಗ ಕೊನೆಯ ಎರಡು ಅಂಕೆ ನಿಲ್ಲುವುದೇ ಇಲ್ಲ, ಮೇಲಕ್ಕೆ ಹೋಗುತ್ತಲೇ ಇತ್ತು. ತಕ್ಕಡಿ ಕೆಟ್ಟಿದೆ ಅಂತ ಅರ್ಧ ದಿನ ಅದನ್ನು ಬೈದೆ. ಪಾಪ, ಅದು ಸರಿಯಾಗಿಯೇ ಇತ್ತು. ನಾನು ಲ್ಯಾಂಥನಮ್ ಅಂದುಕೊಂಡು ಮಂಗಳೂರಿನ ಗಾಳಿಯನ್ನು ತೂಗುತ್ತಿದ್ದೆ. ಪುಡಿಯನ್ನು ಕುಲುಮೆಯಲ್ಲಿ ಚೆನ್ನಾಗಿ ಕಾಯಿಸಿ, ಡೆಸಿಕೇಟರಿನಲ್ಲಿ ತಣಿಸಿ, ತಕ್ಷಣ ತೂಗಿ ಪಾಲಿಥೀನ್ ಪೊರೆಯಲ್ಲಿ ಮುಚ್ಚಿಬಿಡಿ. ಹೊಸಬರು ಶುದ್ಧ ಲೋಹದ ಹಾಳೆಯಿಂದಲೇ ಶುರು ಮಾಡಿದರೆ ಒಳ್ಳೆಯದು.

ಕೋನ

ಈ ಕೆಲಸದಲ್ಲಿ ಜನ ಜಾಸ್ತಿ ಎಡವುವುದು ಇಲ್ಲಿ. ಆದ್ದರಿಂದ ಸ್ವಲ್ಪ ನಿಧಾನಕ್ಕೆ ಹೋಗೋಣ.

ಸೋರ್ಸಿನ ಫೋಟಾನ್ ಎಲ್ಲವೂ ಗುಂಡಿ ತೋಡುವುದಿಲ್ಲ. ಕೆಲವು ಎಲೆಕ್ಟ್ರಾನಿಗೆ ಬಡಿದು ಶಕ್ತಿ ಕಳೆದುಕೊಂಡು ಬೇರೆ ದಿಕ್ಕಿಗೆ ಚದುರುತ್ತವೆ. ಇದು ಕಾಂಪ್ಟನ್ ಚದುರಿಕೆ. ಎಷ್ಟು ಶಕ್ತಿ ಉಳಿಯುತ್ತದೆ ಅನ್ನುವುದು ಕೋನದ ಮೇಲಿದೆ. ಸೀಸದ ಕೆ ಗುಂಡಿ ತುಂಬುವಾಗ ಬರುವ ಎಕ್ಸ್-ರೇಗಳಿಗೆ ನಿರ್ದಿಷ್ಟ ಶಕ್ತಿಗಳಿವೆ, ಅವನ್ನು ಗೆರೆಗಳು ಅನ್ನುತ್ತಾರೆ. ಕೆ-ಆಲ್ಫಾ ಗೆರೆಗಳು 72.8 (ಕೆ-ಆಲ್ಫಾ-2) ಮತ್ತು 75.0 (ಕೆ-ಆಲ್ಫಾ-1) ಕೆಇವಿಯಲ್ಲಿವೆ, ಮುಖ್ಯ ಕೆ-ಬೀಟಾ 84.9ರಲ್ಲಿದೆ. ಈಗ ಲೆಕ್ಕ ಹಾಕಿ. ಕೋಬಾಲ್ಟಿನ 122 ಕೆಇವಿ ಫೋಟಾನ್ 90 ಡಿಗ್ರಿಗೆ ಚದುರಿದರೆ 98.5 ಕೆಇವಿ ಆಗುತ್ತದೆ. ಗೆರೆಗಳಿಂದ ದೂರ ಇದೆ, ತೊಂದರೆ ಇಲ್ಲ. ಅದೇ 150 ಡಿಗ್ರಿಗೆ ಚದುರಿದರೆ 84.4 ಆಗುತ್ತದೆ. ನೇರ ಹೋಗಿ ಕೆ-ಬೀಟಾ ಮೇಲೆ ಕೂರುತ್ತದೆ!

ಕ್ಯಾಡ್ಮಿಯಂ-109ರ ಕಥೆ ಇದಕ್ಕೆ ಉಲ್ಟಾ. ಅದರ ಗಾಮಾ 88.03 ಕೆಇವಿ. ಸೀಸದ ಕೆ ಅಂಚಿಗಿಂತ, ಅಂದರೆ ಗುಂಡಿ ತೋಡಲು ಬೇಕಾದ ಆ ಕನಿಷ್ಠ ಶಕ್ತಿಗಿಂತ, ಕೂದಲೆಳೆಯಷ್ಟು ಮೇಲೆ. ಹಾಗಾಗಿ ಗುಂಡಿ ತೋಡುವುದರಲ್ಲಿ ಬಹಳ ಚುರುಕು. ಆದರೆ 90 ಡಿಗ್ರಿಯಲ್ಲಿ ಚದುರಿದ ಫೋಟಾನ್ 75.1 ಕೆಇವಿಗೆ ಬರುತ್ತದೆ, ಸರಿಯಾಗಿ ಕೆ-ಆಲ್ಫಾ-1ರ ಮೇಲೆ. ಹಿಂದಕ್ಕೆ ಚದುರುವ ಕಡೆ ಡಿಟೆಕ್ಟರ್ ಇಟ್ಟರೆ 66ರ ಆಸುಪಾಸಿಗೆ ಇಳಿದು ದಾರಿ ಬಿಡುತ್ತದೆ. ಜೀವಂತ ಮನುಷ್ಯರ ಮೂಳೆಯಲ್ಲಿ ಸೇರಿಕೊಂಡ ಸೀಸವನ್ನು ಅಳೆಯುವವರು ಇದೇ ಸೋರ್ಸನ್ನು ಹೀಗೆ ಹಿಂದಿನಿಂದ ನೋಡುವಂತೆ ಇಡುತ್ತಾರೆ.

ನಾನು ಕಲಿತದ್ದು ಪುಸ್ತಕದಿಂದಲ್ಲ, ಮರ್ಯಾದೆ ಕಳೆದುಕೊಂಡು. ಕ್ಯಾಡ್ಮಿಯಂ ಸೋರ್ಸನ್ನು 90 ಡಿಗ್ರಿಯಲ್ಲಿಟ್ಟು 75ರಲ್ಲಿ ಎದ್ದ ಪೀಕನ್ನು ಎಲ್ಲರಿಗೂ ತೋರಿಸಿದ್ದೆ. ಸ್ವಲ್ಪ ಅಗಲ ಆಯಿತಲ್ಲ ಅಂತ ಒಬ್ಬರು ಅಂದರು. ಸೀಸ ತೆಗೆದು ಅದೇ ಜಾಗದಲ್ಲಿ ಪರ್ಸ್‌ಪೆಕ್ಸ್ ತುಂಡು ಇಟ್ಟೆವು. ಪೀಕ್ ಅಲ್ಲೇ ಇತ್ತು, ಇನ್ನೂ ದಪ್ಪಗಾಗಿ! ಅಂದಿನಿಂದ ಪ್ರತಿ ಓಟಕ್ಕೂ ಮುಂಚೆ ಒಂದು ಖಾಲಿ ಓಟ: ಹಾಳೆಯ ಜಾಗದಲ್ಲಿ ಪರ್ಸ್‌ಪೆಕ್ಸ್ ಅಥವಾ ಅಲ್ಯೂಮಿನಿಯಂ.

ಖಾಲಿ ಓಟದಲ್ಲೂ ಸೀಸದ ಗೆರೆ ಕಾಣಿಸಿದರೆ ಗಾಬರಿ ಬೇಡ. ಅದು ನಿಮ್ಮ ರಕ್ಷಣೆಯ ಸೀಸದ ಇಟ್ಟಿಗೆಗಳಿಂದ ಬಂದದ್ದು. ಸೋರ್ಸ್ ಇಟ್ಟಿಗೆಯಲ್ಲೂ ಗುಂಡಿ ತೋಡುತ್ತದೆ ಅಲ್ವಾ? ಇಟ್ಟಿಗೆಯ ಒಳಮುಖಕ್ಕೆ ಮೊದಲು ತವರ ಅಥವಾ ಕ್ಯಾಡ್ಮಿಯಂ, ಅದರ ಮೇಲೆ ತಾಮ್ರದ ತಗಡು ಹೊದಿಸಿ. ತವರ ಸೀಸದ ಎಕ್ಸ್-ರೇ ನುಂಗುತ್ತದೆ, ತಾಮ್ರ ತವರದ್ದನ್ನು ನುಂಗುತ್ತದೆ. ತಾಮ್ರದ್ದು 8 ಕೆಇವಿ ಮಾತ್ರ, ಕೆ ಗೆರೆಗಳ ಹತ್ತಿರವೂ ಸುಳಿಯುವುದಿಲ್ಲ.

ಸೋರ್ಸೇ ಇಲ್ಲದೆ ಒಂದು ರಾತ್ರಿ ಡಿಟೆಕ್ಟರ್ ಓಡಿಸಿ. ಉಳ್ಳಾಲ ಕಡಲತೀರದ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಇದೆ. ಥೋರಿಯಂ ಸರಣಿ ಕ್ಷಯಿಸುವಾಗ ಸೀಸ, ಬಿಸ್ಮತ್‌ಗಳ ಎಕ್ಸ್-ರೇ ಬರುತ್ತವೆ, ಅವೂ 75-77 ಕೆಇವಿ ಸುತ್ತಮುತ್ತಲೇ. ಕರಾವಳಿಯ ಲ್ಯಾಬಿನಲ್ಲಿ ಈ ಹಿನ್ನೆಲೆ ನೋಡದೆ ಸೀಸ ಅಳೆಯುವುದು ಸರಿಯಲ್ಲ.

ಡಿಟೆಕ್ಟರ್

ಕೆ ಗೆರೆಗಳಿಗೆ ಬೆರಿಲಿಯಂ ಕಿಟಕಿಯ ಶುದ್ಧ ಜರ್ಮೇನಿಯಂ ಡಿಟೆಕ್ಟರ್ ಬಳಸಿ. ಅದು ದ್ರವ ಸಾರಜನಕದಲ್ಲಿ, ಅಂದರೆ ಮೈನಸ್ 196 ಡಿಗ್ರಿಯ ತಣ್ಣಗಿನಲ್ಲಿ ಕೆಲಸ ಮಾಡುತ್ತದೆ. ನಮ್ಮ ಕಡೆಯ ತೇವಕ್ಕೆ ಕಿಟಕಿ ಮೇಲೆ ಹನಿ ಕಟ್ಟುವುದುಂಟು. ಒರೆಸಲು ಕೈ ಹಾಕಬೇಡಿ. ಆ ಕಿಟಕಿ ಕಾಗದದಷ್ಟು ತೆಳು, ಒಡೆದರೆ ಡಿಟೆಕ್ಟರ್ ಹೋಯಿತು, ಬೆರಿಲಿಯಂ ಪುಡಿ ವಿಷ ಬೇರೆ. ಕೋಣೆಯ ತೇವ ಇಳಿಸುವುದೊಂದೇ ದಾರಿ. ಕರೆಂಟ್ ಹೋಗಿ ಬಂದಾಗ ಹೈ ವೋಲ್ಟೇಜ್ ಏಕಾಏಕಿ ಏರದ ಹಾಗೆ ಯುಪಿಎಸ್ ಇರಲಿ.

ಎಲ್ ಗೆರೆಗಳಿಗೆ ಮಾತ್ರ ಜರ್ಮೇನಿಯಂ ಬೇಡ ಅನ್ನುತ್ತೇನೆ. ಜರ್ಮೇನಿಯಂನದ್ದೇ ಕೆ ಅಂಚು 11.1 ಕೆಇವಿಯಲ್ಲಿದೆ. ಚಿನ್ನದ ಎಲ್-ಆಲ್ಫಾ 9.7, ಎಲ್-ಬೀಟಾ 11.4, ಎಲ್-ಗಾಮಾ 13.4. ಅಂಚು ನಡುವೆಯೇ ಬಿತ್ತು. ಅಂಚಿನ ಆಚೆ ಈಚೆ ಡಿಟೆಕ್ಟರಿನ ದಕ್ಷತೆ, ಅಂದರೆ ಬಂದ ಎಕ್ಸ್-ರೇಗಳಲ್ಲಿ ಅದು ಎಣಿಸುವ ಪಾಲು, ಮೆಟ್ಟಿಲು ಹತ್ತಿ ಇಳಿಯುತ್ತದೆ. ಇಲ್ಲಿ ಸಿಲಿಕಾನ್ ಡಿಟೆಕ್ಟರೇ ಸರಿ.

ದಕ್ಷತೆ ಅಳೆಯಲು ಚಟುವಟಿಕೆ ಗೊತ್ತಿರುವ ಸೋರ್ಸುಗಳನ್ನು ಹಾಳೆ ಇರುವ ಜಾಗದಲ್ಲೇ ಇಡಿ. ಅಮೆರಿಸಿಯಂನ 59.5, ಬೇರಿಯಂ-133ರ 81, ಕ್ಯಾಡ್ಮಿಯಂನ 88, ಕೋಬಾಲ್ಟಿನ 122. ನಾಲ್ಕು ಬಿಂದು ಸಿಕ್ಕರೆ ನಡುವೆ ನಯವಾದ ಗೆರೆ ಎಳೆಯಬಹುದು. ಕೆಲವರು ಸೋರ್ಸಿನ ಬದಲು ಬೇರೆ ಧಾತುಗಳ ಹಾಳೆ ಇಟ್ಟು, ಅವುಗಳ ಯೀಲ್ಡನ್ನು ಪುಸ್ತಕದಿಂದ ತೆಗೆದುಕೊಂಡು ದಕ್ಷತೆ ಕಟ್ಟುತ್ತಾರೆ. ಆಮೇಲೆ ಅದೇ ದಕ್ಷತೆಯಿಂದ ಯೀಲ್ಡ್ ಅಳೆದು ಪುಸ್ತಕಕ್ಕೆ ಹೊಂದಿತು ಅಂತ ಖುಷಿಪಡುತ್ತಾರೆ. ಹೊಂದದೆ ಏನು ಮಾಡೀತು?

ಎಣಿಕೆ

ಹತ್ತು ಗಂಟೆ ಒಂದೇ ಸಲ ಓಡಿಸಬೇಡಿ. ಒಂದೊಂದು ಗಂಟೆಯ ಹತ್ತು ಓಟ ಮಾಡಿ. ಮಧ್ಯದಲ್ಲಿ ಪೀಕ್ ಜರುಗಿದ್ದರೆ ಯಾವ ಓಟದಲ್ಲಿ ಅಂತ ಗೊತ್ತಾಗುತ್ತದೆ. ಹಿನ್ನೆಲೆ ಕಳೆದು ಪೀಕಿನಲ್ಲಿ ಹತ್ತು ಸಾವಿರಕ್ಕಿಂತ ಜಾಸ್ತಿ ಎಣಿಕೆ ಉಳಿದರೆ ಎಣಿಕೆಯ ತಪ್ಪು ಸುಮಾರು ಶೇಕಡಾ ಒಂದಕ್ಕೆ ಬರುತ್ತದೆ. ಕೆ-ಆಲ್ಫಾ-2 ಮತ್ತು ಕೆ-ಆಲ್ಫಾ-1ರ ಅನುಪಾತ ಸೀಸಕ್ಕೆ ಸುಮಾರು 0.6 ಬರಬೇಕು. ಬರದಿದ್ದರೆ ಮುಂದೆ ಹೋಗಬೇಡಿ, ಹಿನ್ನೆಲೆ ಕಳೆದದ್ದರಲ್ಲಿ ಏನೋ ತಪ್ಪಿದೆ.

ಗುಂಡಿಗಳ ಲೆಕ್ಕ

ಕೆ ಕವಚದ ಗುಂಡಿಗಳ ಸಂಖ್ಯೆ ಅಂದರೆ: ಹಾಳೆಗೆ ಬಿದ್ದ ಫೋಟಾನುಗಳು, ಅವುಗಳ ದಾರಿಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಸಿಗುವ ಪರಮಾಣುಗಳು, ಕೆ ಕವಚದ ಫೋಟೋಎಲೆಕ್ಟ್ರಿಕ್ ಕ್ರಾಸ್ ಸೆಕ್ಷನ್ (ಒಂದು ಫೋಟಾನ್ ಒಂದು ಪರಮಾಣುವಿನ ಕೆ ಕವಚದಲ್ಲಿ ಗುಂಡಿ ತೋಡುವ ಸಾಧ್ಯತೆಯ ಅಳತೆ). ಈ ಮೂರನ್ನೂ ಗುಣಿಸಬೇಕು. ಹಾಳೆ 45 ಡಿಗ್ರಿ ಓರೆ ಇದ್ದರೆ ದಾರಿ 1.41 ಪಟ್ಟು ಉದ್ದವಾಗುತ್ತದೆ. ಒಟ್ಟು ಫೋಟೋಎಲೆಕ್ಟ್ರಿಕ್ ಕ್ರಾಸ್ ಸೆಕ್ಷನ್ ಅಮೆರಿಕದ ನಿಸ್ಟ್ ಸಂಸ್ಥೆಯ ದತ್ತಾಂಶ ಕೋಶವಾದ ಎಕ್ಸ್‌ಕಾಮ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದು ಎಲ್ಲ ಕವಚಗಳದ್ದೂ ಸೇರಿದ ಮೊತ್ತ. ಸೀಸದಲ್ಲಿ ಕೆ ಕವಚದ ಪಾಲು ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿ. ಪೂರ್ತಿ ಮೊತ್ತವನ್ನೇ ಹಾಕಿದರೆ ಉತ್ತರ ಕಾಲು ಭಾಗದಷ್ಟು ಕಡಿಮೆ ಬರುತ್ತದೆ.

ಇನ್ನೊಂದು ತಿದ್ದುಪಡಿ ಬೇಕು. ಸೋರ್ಸಿನ ಫೋಟಾನ್ ಹಾಳೆಯೊಳಗೆ ಹೋಗುವಾಗ ಕಡಿಮೆಯಾಗುತ್ತದೆ, ಹುಟ್ಟಿದ ಎಕ್ಸ್-ರೇಯೂ ಹೊರಬರುವಾಗ ಕಡಿಮೆಯಾಗುತ್ತದೆ. ಒಂದು ಉದಾಹರಣೆ ಮಾಡೋಣ. ಅದೇ 50 ಮೈಕ್ರಾನ್ ಸೀಸ, ಎರಡೂ ಕಡೆ 45 ಡಿಗ್ರಿ. ಸೀಸದ ಹೀರುವಿಕೆ 122 ಕೆಇವಿಯಲ್ಲಿ ಗ್ರಾಂಗೆ ಸುಮಾರು 3.35 ಚದರ ಸೆಂಟಿಮೀಟರ್, 75ರಲ್ಲಿ ಸುಮಾರು 2.85. ಕೂಡಿದರೆ 6.2, ಓರೆಗೆ 1.41ರಿಂದ ಗುಣಿಸಿ, 0.057ರಿಂದ ಗುಣಿಸಿ. ಸುಮಾರು 0.5 ಬಂತು. ಒಂದರಿಂದ e ಸಂಖ್ಯೆಯ (2.718) ಮೈನಸ್ 0.5 ಘಾತವನ್ನು ಕಳೆದು, 0.5ರಿಂದಲೇ ಭಾಗಿಸಿದರೆ 0.79. ಅಂದರೆ ಐದರಲ್ಲಿ ಒಂದು ಪಾಲು ಹಾಳೆಯೊಳಗೇ ನಷ್ಟ. ತಿದ್ದಬಹುದಾದ ನಷ್ಟವೇ.

ಇದೇ ಹಾಳೆಯನ್ನು ಅಮೆರಿಸಿಯಂ ಮುಂದೆ ಹಿಡಿದು ಎಲ್-ಆಲ್ಫಾ ನೋಡಿದರೆ? 10.55 ಕೆಇವಿಯಲ್ಲಿ ಹೀರುವಿಕೆ 110 ದಾಟುತ್ತದೆ. ತಿದ್ದುಪಡಿ 0.1ಕ್ಕೆ ಇಳಿಯುತ್ತದೆ. ಹತ್ತರಲ್ಲಿ ಒಂಬತ್ತು ಹೊರಗೆ ಬರಲೇ ಇಲ್ಲ. ಹಾಗಾಗಿ ಎಲ್ ಕೆಲಸಕ್ಕೆ ಒಂದು ಮೈಕ್ರಾನ್ ಆಸುಪಾಸಿನ, ನಿರ್ವಾತದಲ್ಲಿ ಆವಿ ಹಿಡಿಸಿದ ಪೊರೆ ಬೇಕು.

ಇಷ್ಟೆಲ್ಲ ಕೋನ, ದಕ್ಷತೆ ಬೇಡ ಅನ್ನುವವರಿಗೆ ಒಂದು ಅಚ್ಚುಕಟ್ಟಾದ ದಾರಿ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವರು ಇದನ್ನು ಚೆನ್ನಾಗಿ ಬಳಸಿದ್ದಾರೆ. ಹಾಳೆಯನ್ನು ಡಿಟೆಕ್ಟರಿನ ಮುಖಕ್ಕೇ ಅಂಟಿದಂತೆ ಇಟ್ಟು, ದೂರದಿಂದ ದುರ್ಬಲ ಸೋರ್ಸಿನ ಕಿರಣ ಬಿಡುವುದು. ಹುಟ್ಟಿದ ಎಕ್ಸ್-ರೇಯಲ್ಲಿ ಮುಂದಕ್ಕೆ ಹೋದ ಅರ್ಧ ಪೂರ್ತಿ ಡಿಟೆಕ್ಟರಿನೊಳಗೆ ಬೀಳುತ್ತದೆ. ಇದಕ್ಕೆ 2 ಪೈ ಜ್ಯಾಮಿತಿ ಅನ್ನುತ್ತಾರೆ. ಹಾಳೆ ತೆಗೆದು ಎಣಿಸಿದರೆ ಬಿದ್ದ ಫೋಟಾನುಗಳೂ ಅದೇ ಡಿಟೆಕ್ಟರಿನಲ್ಲಿ ಸಿಗುತ್ತವೆ. ಕಾಲೇಜು ಲ್ಯಾಬಿಗೆ ನನ್ನ ಆಯ್ಕೆ ಇದೇ.

ಬಂದ ಉತ್ತರವನ್ನು ಏನು ಮಾಡುವುದು

1979ರಲ್ಲಿ ಭೌತವಿಜ್ಞಾನಿ ಕ್ರೌಸ್ ಪ್ರಕಟಿಸಿದ ಯೀಲ್ಡ್ ಪಟ್ಟಿಯಲ್ಲಿ ಸೀಸದ ಕೆ ಯೀಲ್ಡ್ ಸುಮಾರು 0.967. ತಾಮ್ರದ್ದು 0.44, ಅಲ್ಯೂಮಿನಿಯಂನದ್ದು 0.04 ಮಾತ್ರ. ಪರಮಾಣು ಭಾರವಾದಷ್ಟೂ ಕೆ ಗುಂಡಿ ಎಕ್ಸ್-ರೇ ಕೊಟ್ಟೇ ತುಂಬುತ್ತದೆ.

ಈಗ ನಿಮ್ಮ ತಪ್ಪುಗಳನ್ನು ಕೂಡಿಸಿ. ದಕ್ಷತೆಯಲ್ಲಿ ಶೇಕಡಾ 3, ದಪ್ಪದಲ್ಲಿ 2, ಕ್ರಾಸ್ ಸೆಕ್ಷನ್ನಿನಲ್ಲಿ 2, ಎಣಿಕೆಯಲ್ಲಿ 1 ಅಂತ ಇಟ್ಟುಕೊಳ್ಳಿ. ವರ್ಗ ಮಾಡಿ ಕೂಡಿ ಮೂಲ ತೆಗೆದರೆ ಶೇಕಡಾ 4.2. ಅಂದರೆ ನಿಮ್ಮ ಉತ್ತರ 0.93 ಬಂದರೂ ಸರಿ, 1.00 ಬಂದರೂ ಸರಿ! ಓಜೆ ಪಾಲು 0.033 ಈ ತಪ್ಪಿನೊಳಗೆ ಮುಳುಗಿ ಹೋಗುತ್ತದೆ. ನಾನು ಹೇಳುವುದು ಇಷ್ಟೇ: ಸೀಸದ ಕೆ ಯೀಲ್ಡ್ ಅಳೆಯುವಾಗ ನೀವು ಸೀಸವನ್ನಲ್ಲ, ನಿಮ್ಮ ಗುಂಡಿ ಲೆಕ್ಕವನ್ನು ಪರೀಕ್ಷೆ ಮಾಡುತ್ತಿದ್ದೀರಿ. ಅದರಲ್ಲಿ ಪಾಸಾದ ಮೇಲೆ ಎಲ್ ಕವಚಕ್ಕೆ ಹೋಗಿ. ಹೊಸ ವಿಷಯ ಇರುವುದು ಅಲ್ಲಿ.

ಎಲ್ ಕವಚ

ಎಲ್ ಕವಚದಲ್ಲಿ ಮೂರು ಉಪಕವಚಗಳಿವೆ: ಎಲ್-1, ಎಲ್-2, ಎಲ್-3. ಮಂಗಳೂರು-ಉಡುಪಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ಖಾಲಿಯಾದರೆ ಹಿಂದಿನ ಸಾಲಿನವರು ಎದ್ದು ಬರುವ ಮುಂಚೆಯೇ ಪಕ್ಕದವರು ಜರುಗಿ ಕೂರುತ್ತಾರೆ. ಎಲ್-1ರ ಗುಂಡಿಗೂ ಹಾಗೆಯೇ ಆಗುತ್ತದೆ. ಎಲ್-2 ಅಥವಾ ಎಲ್-3ರ ಎಲೆಕ್ಟ್ರಾನ್ ಅದನ್ನು ತುಂಬುತ್ತದೆ, ಗುಂಡಿ ಅಲ್ಲಿಗೆ ವರ್ಗವಾಗುತ್ತದೆ, ಉಳಿದ ಶಕ್ತಿಗೆ ಹೊರಕವಚದ ಎಲೆಕ್ಟ್ರಾನ್ ಹಾರುತ್ತದೆ. ಕಾಸ್ಟರ್ ಮತ್ತು ಕ್ರೋನಿಗ್ 1935ರಲ್ಲಿ ಇದನ್ನು ವಿವರಿಸಿದರು.

ಚಿನ್ನದಲ್ಲಿ ನೂರು ಎಲ್-1 ಗುಂಡಿ ತೋಡಿ ನೋಡೋಣ. ಕ್ರೌಸ್ ಪಟ್ಟಿಯ ಪ್ರಕಾರ ಸುಮಾರು 11 ಎಕ್ಸ್-ರೇ ಕೊಡುತ್ತವೆ. 14 ಎಲ್-2ಕ್ಕೆ, 53 ಎಲ್-3ಕ್ಕೆ ಜರುಗುತ್ತವೆ. ಎಲ್-2ಕ್ಕೆ ಹೋದ 14ರಲ್ಲೂ ಸುಮಾರು 2 ಮತ್ತೆ ಎಲ್-3ಕ್ಕೆ. ಎಲ್-3ರ ಯೀಲ್ಡ್ 0.32. ಹಾಗಾಗಿ ಅಲ್ಲಿಂದ 17-18 ಎಕ್ಸ್-ರೇ. ನೋಡಿ, ಎಲ್-1ರಲ್ಲಿ ತೋಡಿದ ಗುಂಡಿ ತನ್ನ ಮನೆಗಿಂತ ಎಲ್-3ರ ಮನೆಯಲ್ಲೇ ಜಾಸ್ತಿ ಬೆಳಕು ಕೊಟ್ಟಿತು. ಚಿನ್ನದಲ್ಲಿ ಎಲ್-1 ಮತ್ತು ಎಲ್-3ರ ನಡುವಿನ ಅಂತರ 2.43 ಕೆಇವಿ. ಎಲ್‌ನ ಹೊರಗಿನ ಎಂ ಕವಚದ ಎಂ-5 ಎಲೆಕ್ಟ್ರಾನನ್ನು ಬಿಡಿಸಲು 2.2 ಸಾಕು. ಅದಕ್ಕೇ ಆ 53ರಷ್ಟು ದೊಡ್ಡ ಪಾಲು.

ಇವನ್ನು ಬೇರ್ಪಡಿಸಲು ಗುಂಡಿಯನ್ನು ಒಂದೊಂದೇ ಉಪಕವಚದಲ್ಲಿ ತೋಡಬೇಕು. ಚಿನ್ನದ ಅಂಚುಗಳು 11.92, 13.73, 14.35 ಕೆಇವಿ. ಶಕ್ತಿಯನ್ನು ಬೇಕಾದಲ್ಲಿ ನಿಲ್ಲಿಸಬಲ್ಲ ಸಿಂಕ್ರೋಟ್ರಾನ್ ಇದ್ದರೆ, ಉದಾಹರಣೆಗೆ ಇಂದೋರ್‌ನ ಇಂಡಸ್-2, ಮೊದಲು 13ರಲ್ಲಿ ನಿಲ್ಲಿಸಿ. ಎಲ್-3ರಲ್ಲಿ ಮಾತ್ರ ಗುಂಡಿ, ಅದರ ಯೀಲ್ಡ್ ಸಿಕ್ಕಿತು. ಆಮೇಲೆ 14ಕ್ಕೆ ಏರಿಸಿ. ಎಲ್-2 ಸೇರಿತು, ಎಲ್-3ರ ಗುಂಡಿಯಿಂದಲೇ ಬರುವ ಎಲ್-ಆಲ್ಫಾ ಲೆಕ್ಕಕ್ಕಿಂತ ಎಷ್ಟು ಜಾಸ್ತಿಯಾಯಿತೋ ಅದೇ ಎಲ್-2ರಿಂದ ಜರುಗಿದ ಪಾಲು. ಕೊನೆಗೆ 15ಕ್ಕೆ. ಪ್ರತಿ ಮೆಟ್ಟಿಲಿನ ತಪ್ಪೂ ಮುಂದಿನದಕ್ಕೆ ಹೊತ್ತು ಹೋಗುತ್ತದೆ, ಆದ್ದರಿಂದ 13ರಲ್ಲೇ ಜಾಸ್ತಿ ಹೊತ್ತು ಕಳೆಯಿರಿ.

ಇಂದೋರಿಗೆ ಹೋಗಲು ಆಗದವರಿಗೆ ಎರಡು ಡಿಟೆಕ್ಟರಿನ ಜೊತೆ-ಎಣಿಕೆ ಇದೆ. ಕೆ-ಆಲ್ಫಾ-1 ಬಂದರೆ ಆ ಪರಮಾಣುವಿನಲ್ಲಿ ಗುಂಡಿ ಎಲ್-3ಕ್ಕೆ ಏರಿದೆ ಅಂತ ಅರ್ಥ. ಕೆ-ಆಲ್ಫಾ-2 ಬಂದರೆ ಎಲ್-2ಕ್ಕೆ. ಕೆ-ಆಲ್ಫಾ-2ರ ಜೊತೆಜೊತೆಗೇ ಎಲ್-ಆಲ್ಫಾ ಕಂಡರೆ ಗುಂಡಿ ನಡುವೆ ಎಲ್-3ಕ್ಕೆ ಜರುಗಿದೆ. ಈ ವಿಧಾನ ನನಗೆ ಬಹಳ ಇಷ್ಟ, ಯಾಕೆಂದರೆ ಇಲ್ಲಿ ಗುಂಡಿಯೇ ತಾನು ಎಲ್ಲಿದ್ದೇನೆ ಅಂತ ಹೇಳುತ್ತದೆ. ಎಣಿಕೆ ಮಾತ್ರ ಬಹಳ ನಿಧಾನ. ವಾರಗಟ್ಟಲೆ ಕಾಯಬೇಕು.

ಕೆಲಸ ಮುಗಿದ ದಿನ ಹಾಳೆಯನ್ನು ಮತ್ತೊಮ್ಮೆ ತೂಗಿ. ನಮ್ಮ ಲ್ಯಾಬಿನಲ್ಲಿ ಜೂನ್‌ನಲ್ಲಿ ಹೊಳೆಯುತ್ತಿದ್ದ ಸೀಸದ ಹಾಳೆ ಸೆಪ್ಟೆಂಬರಿನಲ್ಲಿ ಬೂದಿ ಬಣ್ಣಕ್ಕೆ ತಿರುಗಿತ್ತು. ತೂಕವೂ ಸ್ವಲ್ಪ ಏರಿತ್ತು. ಎರಡೂ ತೂಕಗಳನ್ನು ತಾರೀಖಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಿ.